ಮನೆಯೊಳಗಿನ ಗಾಳಿಯೂ ಒಂದು ಅಮಾನತ್

(ವಾರ್ಷಿಕ ಸಮ್ಮೇಳನದಲ್ಲಿ ಮಾಡಿದ ಭಾಷಣದ ಬರಹ ರೂಪ)





ಶಿಕ್ಷಣ ಸಂಸ್ಥೆಯೊಂದರ ವಾರ್ಷಿಕ ಸಭೆ ಎಂದರೆ ಪರೀಕ್ಷೆಯ ಅಂಕಗಳು, ವಿದ್ಯಾರ್ಥಿವೇತನ, ಕಾಲೇಜು ಪ್ರವೇಶ, ಉದ್ಯೋಗ ಇಂತಹ ವಿಷಯಗಳ ಮೇಲೆ ಮಾತು ಇರುವುದು ವಾಡಿಕೆ. ಇಂದು ನಾನು ಆರಿಸಿಕೊಂಡಿರುವ ವಿಷಯ ಅಡುಗೆಮನೆ, ಬಚ್ಚಲುಮನೆ ಮತ್ತು ಮಲಗುವ ಕೋಣೆಗೆ ಸಂಬಂಧಿಸಿದ್ದು. ಅಂದರೆ ನಮ್ಮ ಮನೆಯೊಳಗಿನ ಗಾಳಿ. ಇದಕ್ಕೂ ವಿದ್ಯಾಭ್ಯಾಸಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ರಾತ್ರಿಯಿಡೀ ಕೆಮ್ಮಿದ ಮಗು ಮರುದಿನ ಶಾಲೆಗೆ ಹೋಗುವುದಿಲ್ಲ. ಉಬ್ಬಸದಿಂದ ಬಳಲುವ ತಾಯಿಯ ಔಷಧಿಗೆ ಖರ್ಚಾಗುವ ಹಣ ಮಗಳ ಕಾಲೇಜು ಶುಲ್ಕದಿಂದಲೇ ಕಡಿತವಾಗುತ್ತದೆ. ಇಷ್ಟು ಸಂಬಂಧ ಸಾಕೆಂದು ನಾನು ಭಾವಿಸುತ್ತೇನೆ.

ವಯಸ್ಕನೊಬ್ಬ ದಿನಕ್ಕೆ ಕುಡಿಯುವ ನೀರು ಎರಡು ಮೂರು ಲೀಟರ್. ಆದರೆ ಅವನು ಉಸಿರಾಡುವ ಗಾಳಿ ದಿನಕ್ಕೆ ಸುಮಾರು 10,000 ಲೀಟರಿಗೂ ಹೆಚ್ಚು. ನೀರನ್ನು ನಾವು ಸೋಸಿ, ಕುದಿಸಿ ಕುಡಿಯುತ್ತೇವೆ. ಅಕ್ಕಿಯಲ್ಲಿನ ಕಲ್ಲನ್ನು ಆರಿಸುತ್ತೇವೆ. ಆಹಾರ ಹಲಾಲ್ ಆಗಿರಬೇಕು, ಜೊತೆಗೆ ತಯ್ಯಿಬ್ ಅಂದರೆ ಶುದ್ಧವೂ ಉತ್ತಮವೂ ಆಗಿರಬೇಕು ಎಂಬುದು ನಮಗೆ ಬಾಲ್ಯದಿಂದಲೇ ತಿಳಿದ ಪಾಠ. ಆದರೆ ಪ್ರತಿ ನಿಮಿಷವೂ ದೇಹದೊಳಗೆ ಹೋಗುವ ಗಾಳಿ ತಯ್ಯಿಬ್ ಆಗಿದೆಯೇ ಎಂದು ನಾವು ಕೇಳುವುದೇ ಇಲ್ಲ. ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಬೆಲೆಯೂ ಇಲ್ಲ.

ಹಸಿ ಬೆಳ್ಳುಳ್ಳಿ, ಈರುಳ್ಳಿ ತಿಂದವರು ಆ ವಾಸನೆಯೊಂದಿಗೆ ಮಸೀದಿಗೆ ಬರಬಾರದೆಂದು ಪ್ರವಾದಿವರ್ಯರು(ಸ) ಸೂಚಿಸಿದ್ದರೆಂಬುದು ನಿಮಗೆಲ್ಲ ತಿಳಿದ ವಿಷಯ. ಪಕ್ಕದಲ್ಲಿ ನಿಂತವನ ಉಸಿರಿಗೆ ಆಗುವ ಕಿರಿಕಿರಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡ ಧರ್ಮ ನಮ್ಮದು. ಹಾಗಿರುವಾಗ ನಮ್ಮದೇ ಮನೆಯಲ್ಲಿ, ನಮ್ಮದೇ ಹೆಂಡತಿ ಮಕ್ಕಳ ಉಸಿರಿಗೆ ಆಗುವ ಹಾನಿಯನ್ನು ಕಡೆಗಣಿಸುವುದು ಹೇಗೆ ಸರಿಯಾದೀತು?

ಹೊಗೆ ಯಾರ ಪಾಲಿಗೆ?

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಮನೆಯ ಗಾಳಿ ಎಲ್ಲರಿಗೂ ಸೇರಿದ್ದಾದರೂ ಅದರ ಕೆಡುಕು ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಅಡುಗೆಮನೆಗೆ ಎಷ್ಟು ಕಿಟಕಿ, ಹೊಗೆಗೂಡು ಎಲ್ಲಿ, ಗೀಸರ್ ಯಾವ ಗೋಡೆಗೆ ಎಂದು ತೀರ್ಮಾನಿಸುವವರು ಹೆಚ್ಚಾಗಿ ಗಂಡಸರು. ಹಗಲಿಡೀ ಅಂಗಡಿಯಲ್ಲೋ ಕಚೇರಿಯಲ್ಲೋ ಗಲ್ಫ್ ರಾಷ್ಟ್ರಗಳಲ್ಲೋ ಇರುವವರೂ ಅವರೇ. ಆ ಗಾಳಿಯನ್ನು ದಿನವಿಡೀ ಸೇವಿಸುವವರು ಮಾತ್ರ ಹೆಂಗಸರು, ಹಸುಳೆಗಳು ಮತ್ತು ವೃದ್ಧರು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆ ಮತ್ತು ಮಾಲಿನ್ಯದಿಂದ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಮರಣ ಹೊಂದಿದರು. ಅವರಲ್ಲಿ 2 ಲಕ್ಷದ 37 ಸಾವಿರಕ್ಕೂ ಅಧಿಕ ಮಂದಿ ಐದು ವರ್ಷದೊಳಗಿನ ಮಕ್ಕಳು. ನ್ಯುಮೋನಿಯಾ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರ್ ಇವೆಲ್ಲ ಈ ಹೊಗೆಯ ಕೊಡುಗೆಗಳು.

ಹೊಗೆಯಲ್ಲಿ ಅತಿ ಅಪಾಯಕಾರಿಯಾದುದು ಪಿಎಂ 2.5 ಎಂದು ಕರೆಯಲ್ಪಡುವ ಸೂಕ್ಷ್ಮ ಕಣ. ಇದರ ಗಾತ್ರ ನಮ್ಮ ತಲೆಕೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು ಅಥವಾ ಅದಕ್ಕಿಂತಲೂ ಕಡಿಮೆ. ಮೂಗಿನ ರೋಮಗಳು ಇದನ್ನು ತಡೆಯಲಾರವು. ಇದು ನೇರವಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ, ಅತಿ ಸಣ್ಣವು ರಕ್ತಕ್ಕೂ ಸೇರುತ್ತವೆ. ವರ್ಷದ ಸರಾಸರಿಯಲ್ಲಿ ಘನ ಮೀಟರ್ ಗಾಳಿಯಲ್ಲಿ ಈ ಕಣ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಕಟ್ಟಿಗೆ ಉರಿಯುವಾಗ ಹೊಗೆಗೂಡಿಲ್ಲದ ಅಡುಗೆಮನೆಯಲ್ಲಿ ಇದು ನೂರುಗಳಲ್ಲಿರುತ್ತದೆ, ಕೆಲವೊಮ್ಮೆ ಸಾವಿರವನ್ನೂ ದಾಟುತ್ತದೆ.

ಅಡುಗೆಮನೆಯ ಹೊಗೆಯನ್ನು ವಿಜ್ಞಾನಿಗಳು ಗಂಭೀರವಾಗಿ ತೆಗೆದುಕೊಂಡದ್ದು ಬಹಳ ತಡವಾಗಿ. ಕಾರ್ಖಾನೆಯ ಚಿಮಣಿಯನ್ನೂ ವಾಹನಗಳ ಹೊಗೆಯನ್ನೂ ಅಳೆಯುತ್ತಿದ್ದ ಕಾಲದಲ್ಲಿ ಕಿರ್ಕ್ ಸ್ಮಿತ್ ಎಂಬ ವಿಜ್ಞಾನಿ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಗುಜರಾತಿನ ಹಳ್ಳಿಗಳಲ್ಲಿ ಒಲೆಯ ಮುಂದೆ ಕೂರುವ ಹೆಂಗಸರು ಎಷ್ಟು ಹೊಗೆ ಸೇವಿಸುತ್ತಾರೆಂದು ಅಳೆದು 1983ರಲ್ಲಿ ಪ್ರಕಟಿಸಿದರು. ನಮ್ಮ ಕರ್ನಾಟಕದ ಪಾಲೂ ಇದರಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಿಂದ ಹೊಗೆಗೂಡುಳ್ಳ, ಕಡಿಮೆ ಸೌದೆ ಸಾಕಾಗುವ ‘ಅಸ್ತ್ರ ಒಲೆ’ ಬಂತು. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ ಕೋಟ್ಯಂತರ ಬಡ ಮನೆಗಳಿಗೆ ಗ್ಯಾಸ್ ಸಂಪರ್ಕ ದೊರೆಯಿತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಡುಗೆಗೆ ಶುದ್ಧ ಇಂಧನ ಬಳಸುವ ಮನೆಗಳು ಶೇ. 58.6 ಮಾತ್ರ.

ನಮ್ಮ ಮನೆಗಳಲ್ಲಿ

"ನಮ್ಮಲ್ಲಿ ಗ್ಯಾಸ್ ಇದೆಯಲ್ಲ" ಎಂದು ನೀವು ಹೇಳಬಹುದು. ಹೌದು, ಇದೆ. ಆದರೆ ಕರಾವಳಿಯ ಅನೇಕ ಮನೆಗಳಲ್ಲಿ ಚಹಾ, ಸಾರು, ಪಲ್ಯ ಗ್ಯಾಸಿನ ಮೇಲಾದರೆ, ಹೆಚ್ಚು ಹೊತ್ತು ಬೇಯಬೇಕಾದ ಕುಚ್ಚಲಕ್ಕಿ ಅನ್ನ ಮತ್ತು ಬಚ್ಚಲಿನ ಹಂಡೆ ಇನ್ನೂ ಕಟ್ಟಿಗೆಯ ಮೇಲೆಯೇ. ತೆಂಗಿನ ಗರಿ, ಸಿಪ್ಪೆ, ಅಡಿಕೆಯ ಸೋಗೆ ತೋಟದಲ್ಲೇ ಸಿಗುತ್ತವೆ, ದುಡ್ಡು ಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಅವು ಒದ್ದೆಯಾಗಿರುತ್ತವೆ. ಒದ್ದೆ ಕಟ್ಟಿಗೆ ಉರಿಯುವುದು ಕಡಿಮೆ, ಹೊಗೆಯಾಡುವುದು ಹೆಚ್ಚು. ಬೆಂಕಿ ಬೇಗ ಹಿಡಿಯಲೆಂದು ಪ್ಲಾಸ್ಟಿಕ್ ಚೀಲವನ್ನು ಒಲೆಗೆ ತುರುಕುವವರೂ ಇದ್ದಾರೆ. ಪ್ಲಾಸ್ಟಿಕ್ಕಿನ ಹೊಗೆ ಕಟ್ಟಿಗೆಯ ಹೊಗೆಗಿಂತಲೂ ವಿಷಕಾರಿ. ದಯವಿಟ್ಟು ಇದನ್ನು ಇಂದೇ ನಿಲ್ಲಿಸಿ.

ಇನ್ನೊಂದು ವಿಷಯವನ್ನು ಗಮನಿಸಿ. ಹಿಂದಿನ ಹಂಚಿನ ಮನೆಯಲ್ಲಿ ಹೊಗೆ ಹಂಚುಗಳ ಸಂದಿನಿಂದ ಮೇಲಕ್ಕೆ ಹೋಗುತ್ತಿತ್ತು. ಮಾಡು ಎತ್ತರವಾಗಿತ್ತು. ಈಗ ಹಂಚಿನ ಮನೆ ಹೋಗಿ ತಾರಸಿ ಮನೆ ಬಂದಿದೆ. ಒಲೆ ಮಾತ್ರ ಹಳೆಯದೇ, ಅಥವಾ ಹೊಗೆಗೂಡು ಮಾಡಿನವರೆಗೆ ಹೋಗದೆ ಅರ್ಧಕ್ಕೇ ನಿಂತಿದೆ. ಹೊಗೆ ಮೇಲೇರಿ, ಸ್ಲ್ಯಾಬಿಗೆ ಬಡಿದು, ಮತ್ತೆ ಕೆಳಗಿಳಿದು ಕೋಣೆಗಳಿಗೆ ಹರಡುತ್ತದೆ. ಲಕ್ಷಾಂತರ ರೂಪಾಯಿ ಸುರಿದು ಮನೆ ಕಟ್ಟುವಾಗ ಹೊಗೆಗೂಡನ್ನು ಮಾಡಿಗಿಂತ ಎತ್ತರಕ್ಕೆ ಕೊಂಡೊಯ್ಯುವ ಖರ್ಚು ಎಷ್ಟು ಮಹಾ?

ಗ್ಯಾಸ್ ಕಟ್ಟಿಗೆಗಿಂತ ಎಷ್ಟೋ ಮೇಲು. ಆದರೂ ಅದು ಪೂರ್ತಿ ನಿರಪಾಯಕಾರಿ ಅಲ್ಲ. ಗ್ಯಾಸ್ ಉರಿದಾಗ ನೈಟ್ರೋಜನ್ ಡೈಆಕ್ಸೈಡ್ ಉಂಟಾಗುತ್ತದೆ, ಕಾದ ಎಣ್ಣೆಯಿಂದ ಸೂಕ್ಷ್ಮ ಕಣಗಳು ಏಳುತ್ತವೆ. ರಮಝಾನಿನ ಸಂಜೆಗಳನ್ನು ನೆನಪಿಸಿಕೊಳ್ಳಿ. ಅಸರ್ ನಮಾಝಿನ ನಂತರ ಮಗ್ರಿಬ್ ತನಕ ಸಮೋಸ, ಪಕೋಡ, ಕಟ್ಲೆಟ್ ಕರಿಯುತ್ತಾ ಉಪವಾಸದ ಹೊಟ್ಟೆಯಲ್ಲಿ ಒಲೆಯ ಮುಂದೆ ನಿಂತಿರುವವರು ನಮ್ಮ ಉಮ್ಮಂದಿರು, ಸಹೋದರಿಯರು. ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿ, ಕರಿದ ತಿಂಡಿಯನ್ನು ಸ್ವಲ್ಪ ಕಡಿಮೆ ಮಾಡಿದರೆ ಅವರಿಗೆ ದೊಡ್ಡ ಉಪಕಾರವಾದೀತು.

ಎಕ್ಸಾಸ್ಟ್ ಫ್ಯಾನನ್ನು ಒಲೆಗೆ ಹತ್ತಿರದ ಗೋಡೆಯಲ್ಲಿ ಎತ್ತರಕ್ಕೆ ಇಡಬೇಕು. ಎದುರಿನ ಬಾಗಿಲನ್ನೋ ಕಿಟಕಿಯನ್ನೋ ತೆರೆದಿಡಬೇಕು. ಒಳಗೆ ಬರಲು ದಾರಿಯಿಲ್ಲದಿದ್ದರೆ ಗಾಳಿ ಹೊರಗೆ ಹೋಗುವುದೂ ಇಲ್ಲ. ಅಡುಗೆ ಮುಗಿದ ಮೇಲೂ ಹತ್ತು ಹದಿನೈದು ನಿಮಿಷ ಫ್ಯಾನ್ ತಿರುಗಲಿ. ಕೆಲವರು ದುಬಾರಿ ಕಿಚನ್ ಚಿಮಣಿ ತರುತ್ತಾರೆ, ಆದರೆ ಅದರ ಕೊಳವೆಯನ್ನು ಹೊರಕ್ಕೆ ಬಿಡುವುದಿಲ್ಲ. ಕೊಳವೆಯಿಲ್ಲದ ಚಿಮಣಿ ಎಣ್ಣೆಯ ಜಿಡ್ಡನ್ನು ಹಿಡಿದೀತು, ಗಾಳಿಯನ್ನು ಮಾತ್ರ ಅದೇ ಕೋಣೆಗೆ ಮರಳಿ ಬಿಡುತ್ತದೆ.

ಬೀಡಿಯ ಧೂಳು

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಈ ವಿಷಯ ಮಾತಾಡುವಾಗ ಬೀಡಿಯನ್ನು ಬಿಟ್ಟು ಮಾತಾಡಲಾಗದು. ಇಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳ ಶಾಲಾ ಶುಲ್ಕ, ಸಮವಸ್ತ್ರ, ಪುಸ್ತಕದ ಖರ್ಚು ತಾಯಂದಿರು ಬೀಡಿ ಕಟ್ಟಿದ ಹಣದಿಂದ ನಡೆದಿದೆ. ಇಂದು ಪದವಿ ಪಡೆದು ಒಳ್ಳೆಯ ಹುದ್ದೆಯಲ್ಲಿರುವ ಅನೇಕರ ಹಿಂದೆ ಆ ತಾಯಿಯ ಬೆರಳುಗಳಿವೆ. ಆ ದುಡಿಮೆಗೆ ನಾವು ತಲೆಬಾಗಬೇಕು. ಅದರ ಬೆಲೆಯನ್ನೂ ಅರಿಯಬೇಕು.

ಹೊಗೆಸೊಪ್ಪಿನ ಪುಡಿ ಮನೆಯೊಳಗೆ ಹಾರುತ್ತದೆ. ನೆಲದ ಮೇಲೆ, ಹಾಸಿಗೆಯಲ್ಲಿ, ತೊಟ್ಟಿಲಲ್ಲಿ ಕೂರುತ್ತದೆ. ಅದರ ನಿಕೋಟಿನ್ ಉಸಿರಿನ ಮೂಲಕವಷ್ಟೇ ಅಲ್ಲ, ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ. ಬೀಡಿ ಸೇದದಿದ್ದರೂ ಕಟ್ಟುವವರಿಗೆ ಕೆಮ್ಮು, ತಲೆನೋವು, ಉಬ್ಬಸ ಬರುವುದು ಇದರಿಂದ. ಈ ಕೆಲಸವನ್ನು ಇನ್ನೂ ಮಾಡುತ್ತಿರುವ ಸಹೋದರಿಯರಲ್ಲಿ ನನ್ನ ವಿನಂತಿ ಇಷ್ಟು: ಸಾಧ್ಯವಾದಷ್ಟು ಜಗಲಿಯಲ್ಲಿ, ಗಾಳಿಯಾಡುವ ಕಡೆ ಕುಳಿತು ಕೆಲಸ ಮಾಡಿ. ಹೊಗೆಸೊಪ್ಪನ್ನು ಮಲಗುವ ಕೋಣೆಯಲ್ಲೂ ಅಡುಗೆಮನೆಯಲ್ಲೂ ಇಡಬೇಡಿ, ಮುಚ್ಚಳವಿರುವ ಡಬ್ಬಿಯಲ್ಲಿ ಇಡಿ. ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮಡಿಲಲ್ಲಿ ಮಗುವನ್ನು ಕೂರಿಸಿಕೊಂಡು ಕಟ್ಟಬೇಡಿ. ಕೆಲಸ ಮುಗಿದೊಡನೆ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸಿ, ಕೈ ತೊಳೆದೇ ಮಗುವನ್ನು ಎತ್ತಿಕೊಳ್ಳಿ.

ಬೀಡಿ, ಸಿಗರೇಟು ಸೇದುವವರಿಗೂ ಒಂದು ಮಾತು. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸುವ ನಿಯಮ 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಜಾರಿಗೆ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಅಪರಿಚಿತರನ್ನು ರಕ್ಷಿಸಲು ಕಾನೂನಿದೆ. ನಿಮ್ಮ ಮನೆಯೊಳಗೆ ನಿಮ್ಮ ಮಗುವನ್ನು ರಕ್ಷಿಸಲು ನಿಮ್ಮ ಮನಸ್ಸಾಕ್ಷಿಯ ಹೊರತು ಬೇರೆ ಕಾನೂನಿಲ್ಲ.

ಸುಗಂಧ ಮತ್ತು ಸೊಳ್ಳೆಬತ್ತಿ

ಸುಗಂಧ ನಮಗೆ ಪ್ರಿಯವಾದುದು. ಪ್ರವಾದಿವರ್ಯರಿಗೂ(ಸ) ಅದು ಪ್ರಿಯವಾಗಿತ್ತು. ಆದರೆ ಅತ್ತರ್ ಬೇರೆ, ಹೊಗೆ ಬೇರೆ. ಲೋಬಾನ, ಊದ್, ಅಗರಬತ್ತಿ ಇವುಗಳ ಪರಿಮಳ ಹಿತವಾಗಿದ್ದರೂ ಶ್ವಾಸಕೋಶಕ್ಕೆ ಹೊಗೆ ಹೊಗೆಯೇ. ಕಿಟಕಿ ಮುಚ್ಚಿದ ಎಸಿ ಕೋಣೆಯಲ್ಲಿ ಕೆಂಡದ ಮೇಲೆ ಊದ್ ಹಾಕುವುದು, ಉಬ್ಬಸವಿರುವವರ ಅಥವಾ ಹಸುಗೂಸಿನ ಕೋಣೆಯಲ್ಲಿ ಲೋಬಾನ ತೋರಿಸುವುದು ಸರಿಯಲ್ಲ. ಮಾಡಲೇಬೇಕೆಂದಿದ್ದರೆ ಕಿಟಕಿ ತೆರೆದಿರಲಿ, ಅಲ್ಪ ಹೊತ್ತಿಗೆ ಇರಲಿ.

ಸೊಳ್ಳೆಬತ್ತಿಯ ವಿಷಯ ಇನ್ನೂ ಗಂಭೀರ. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳಿಗೆ ಸಮ ಎಂದು ಚೀನಾ ಮತ್ತು ಮಲೇಷ್ಯಾದ ಬತ್ತಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಸಿಗರೇಟನ್ನು ಕಂಡರೆ ಮುಖ ಸಿಂಡರಿಸುವ ತಂದೆಯೇ ಮಗುವಿನ ಮಂಚದ ಕೆಳಗೆ ಬತ್ತಿ ಹಚ್ಚಿ, ಬಾಗಿಲು ಹಾಕಿ ಮಲಗುತ್ತಾನೆ! ಹಾಗೆಂದು ಸೊಳ್ಳೆಯನ್ನು ಸುಮ್ಮನೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಮಲೇರಿಯಾ, ಡೆಂಗಿ ಏನೆಂಬುದು ಮಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸೊಳ್ಳೆ ಪರದೆ ಕಟ್ಟಿ, ಕಿಟಕಿಗೆ ಜಾಲರಿ ಹಾಕಿಸಿ, ನೀರು ನಿಲ್ಲದಂತೆ ನೋಡಿಕೊಳ್ಳಿ. ಜಾಲರಿಯಿಂದ ಎರಡು ಲಾಭ. ಸೊಳ್ಳೆ ಹೊರಗೆ ಉಳಿಯುತ್ತದೆ, ಗಾಳಿ ಒಳಗೆ ಬರುತ್ತದೆ.

ವಾಸನೆಯಿಲ್ಲದ ವಿಷ

ಮಲಗುವ ಮುನ್ನ ಮನೆಯಲ್ಲಿ ಬೆಂಕಿಯನ್ನು ಉರಿಯಲು ಬಿಡಬಾರದೆಂಬ ಪ್ರವಾದಿ ಸೂಚನೆ ಹದೀಸ್ ಗ್ರಂಥಗಳಲ್ಲಿದೆ. ಮನೆಗೆ ಬೆಂಕಿ ಹತ್ತುವ ಅಪಾಯ ಅದಕ್ಕೆ ಕಾರಣ. ಇಂದಿನ ವಿಜ್ಞಾನ ಅದಕ್ಕೆ ಇನ್ನೊಂದು ಕಾರಣವನ್ನು ಸೇರಿಸುತ್ತದೆ. ಮುಚ್ಚಿದ ಜಾಗದಲ್ಲಿ ಇದ್ದಿಲು, ಕಟ್ಟಿಗೆ, ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಂತಿ, ನಂತರ ಪ್ರಜ್ಞೆ ತಪ್ಪುವುದು. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ.

ಕಿಟಕಿಯಿಲ್ಲದ ಸ್ನಾನದ ಕೋಣೆಯೊಳಗೆ ಗ್ಯಾಸ್ ಗೀಸರ್ ಇಟ್ಟು, ಬಾಗಿಲು ಭದ್ರವಾಗಿ ಹಾಕಿ ಸ್ನಾನ ಮಾಡಿದವರು ಪ್ರಾಣ ಕಳೆದುಕೊಂಡ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವು ಓದಿರುತ್ತೀರಿ. ಗ್ಯಾಸ್ ಗೀಸರನ್ನು ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವ ಕಡೆ ಅಳವಡಿಸಿ. ಕೆಂಡದ ಪಾತ್ರೆಯನ್ನು ಮಲಗುವ ಕೋಣೆಗೆ ತರಬೇಡಿ. ಬಾಣಂತಿಯ ಕೋಣೆಗಂತೂ ಬೇಡವೇ ಬೇಡ. ಜನರೇಟರನ್ನು ಮನೆಯೊಳಗೆ ನಡೆಸಬೇಡಿ. ಯಾರಾದರೂ ಇಂತಹ ಕೋಣೆಯಲ್ಲಿ ಕುಸಿದಿದ್ದರೆ ಮೊದಲು ಬಾಗಿಲು ಕಿಟಕಿ ತೆರೆದು ಅವರನ್ನು ಹೊರಗಿನ ಗಾಳಿಗೆ ತನ್ನಿ, ತಡಮಾಡದೆ ಆಸ್ಪತ್ರೆಗೆ ಸಾಗಿಸಿ.

ಇದೇ ಸಂದರ್ಭದಲ್ಲಿ ಇನ್ನೊಂದು ಎಚ್ಚರಿಕೆ. ಶೌಚಾಲಯ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರನ್ನು ಎಂದೂ ಒಟ್ಟಿಗೆ ಬಳಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಅದು ಶ್ವಾಸಕೋಶವನ್ನು ಸುಡುತ್ತದೆ.

ತೇವ, ಬೂಷ್ಟು ಮತ್ತು ಹೊಸ ಮನೆ

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆ ಬೆವರುತ್ತದೆ, ಕಪಾಟಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಕಣಗಳು ಗಾಳಿಯಲ್ಲಿ ತೇಲಿ ಅಲರ್ಜಿ, ಸೀನು, ಉಬ್ಬಸವನ್ನು ಕೆರಳಿಸುತ್ತವೆ. ಅದರ ಮೇಲೆ ಬಣ್ಣ ಬಳಿದರೆ ಅದು ಸಾಯುವುದಿಲ್ಲ, ಕೆಲವು ದಿನ ಅಡಗಿರುತ್ತದೆ. ನೀರು ಸೋರುವ ಜಾಗವನ್ನು ಮೊದಲು ಸರಿಪಡಿಸಿ, ನಂತರ ಸಾಬೂನು ನೀರಿನಿಂದ ಉಜ್ಜಿ ಒಣಗಿಸಿ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯಲ್ಲಿ ಒಣಹಾಕಬೇಡಿ. ಕಪಾಟನ್ನು ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಬಿಟ್ಟು ಇಡಿ. ಬಿಸಿಲು ಬಿದ್ದ ದಿನ ಹಾಸಿಗೆ, ದಿಂಬು, ಜಮಖಾನಗಳನ್ನು ಅಂಗಳಕ್ಕೆ ತನ್ನಿ.

ಗಲ್ಫಿನ ದುಡಿಮೆಯಿಂದ ಊರಲ್ಲಿ ಚಂದದ ಮನೆಗಳೆದ್ದಿವೆ, ಅಲ್‌ಹಮ್ದುಲಿಲ್ಲಾಹ್. ಆದರೆ ಮರುಭೂಮಿಯ ಸೆಕೆಗೆ ಮಾಡಿದ ಗಾಜಿನ, ಮುಚ್ಚಿದ ಮನೆಯ ನಮೂನೆ ನಮ್ಮ ಊರಿಗೆ ಹೊಂದುವುದಿಲ್ಲ. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರುವುದಿಲ್ಲ, ಒಳಗಿನ ಗಾಳಿಯನ್ನೇ ತಂಪು ಮಾಡಿ ತಿರುಗಿಸುತ್ತದೆ. ಹೊಸ ಪ್ಲೈವುಡ್, ಅಂಟು, ವಾರ್ನಿಷ್ ತಿಂಗಳುಗಟ್ಟಲೆ ಫಾರ್ಮಾಲ್ಡಿಹೈಡ್ ಮುಂತಾದ ಅನಿಲಗಳನ್ನು ಬಿಡುತ್ತವೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಘೋಷಿಸಿತು. ಬಣ್ಣ ಬಳಿದ ಮರುದಿನವೇ ಗೃಹಪ್ರವೇಶ ಇಟ್ಟುಕೊಳ್ಳದೆ ಕೆಲವು ವಾರ ಕಿಟಕಿ ತೆರೆದಿಟ್ಟು ಮತ್ತೆ ವಾಸಕ್ಕೆ ಹೋಗಿ.

ಒಂದೆರಡು ಕುಂಡದ ಗಿಡ ಇಟ್ಟರೆ ಗಾಳಿ ಶುದ್ಧವಾಗುತ್ತದೆ ಎಂಬ ನಂಬಿಕೆ ಬಹಳ ಹಬ್ಬಿದೆ. 1989ರ ನಾಸಾ ಪ್ರಯೋಗ ಇದಕ್ಕೆ ಮೂಲ. ಅದು ಮುಚ್ಚಿದ ಪೆಟ್ಟಿಗೆಯೊಳಗಿನ ಪ್ರಯೋಗ. 2019ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ ಸಾಮಾನ್ಯ ಕಟ್ಟಡದ ಗಾಳಿ ಬದಲಾವಣೆಯಷ್ಟು ಕೆಲಸವನ್ನು ಗಿಡಗಳೇ ಮಾಡಬೇಕಾದರೆ ಒಂದು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು! ಗಿಡಗಳನ್ನು ಅಂದಕ್ಕಾಗಿ ಇಡಿ, ಗಾಳಿಗಾಗಿ ಕಿಟಕಿ ತೆರೆಯಿರಿ. ಏರ್ ಪ್ಯೂರಿಫೈಯರ್ ಕಣಗಳನ್ನು ಹಿಡಿದೀತು, ಕಾರ್ಬನ್ ಮೊನಾಕ್ಸೈಡನ್ನು ಹಿಡಿಯುವುದಿಲ್ಲ. ಹೊಗೆಯ ಮೂಲವನ್ನು ಹಾಗೆಯೇ ಬಿಟ್ಟು ಯಂತ್ರ ಕೊಳ್ಳುವುದು ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟಂತೆ.

ವಿದ್ಯಾರ್ಥಿಗಳಿಗೆ ಮತ್ತು ಸಂಸ್ಥೆಗೆ

ಪ್ರಿಯ ವಿದ್ಯಾರ್ಥಿಗಳೇ, ಬಾಗಿಲು ಕಿಟಕಿ ಹಾಕಿ ಗಂಟೆಗಟ್ಟಲೆ ಓದಿದಾಗ ತಲೆ ಭಾರವಾಗುತ್ತದೆಯಲ್ಲವೇ? ನಮ್ಮದೇ ಉಸಿರಿನಿಂದ ಕೋಣೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 24 ಮಂದಿಯನ್ನು ಆರು ದಿನ ಬೇರೆಬೇರೆ ಗುಣಮಟ್ಟದ ಗಾಳಿಯಲ್ಲಿ ಕೆಲಸ ಮಾಡಿಸಿ ಪರೀಕ್ಷಿಸಿದರು. ಹೊರಗಿನ ಗಾಳಿ ಚೆನ್ನಾಗಿ ಬರುತ್ತಿದ್ದ ದಿನಗಳಲ್ಲಿ ಅವರ ಯೋಚನೆ, ತೀರ್ಮಾನದ ಅಂಕಗಳು ಗಣನೀಯವಾಗಿ ಹೆಚ್ಚಿದ್ದವು. ಆದುದರಿಂದ ಪರೀಕ್ಷೆಯ ತಯಾರಿ ಕಿಟಕಿ ತೆರೆಯುವುದರಿಂದಲೇ ಆರಂಭವಾಗಲಿ. ಮದ್ರಸ ಮತ್ತು ಶಾಲೆಯ ತರಗತಿಗಳಿಗೂ ಇದೇ ಮಾತು.

ನಮ್ಮ ಸಂಸ್ಥೆಯ ಮುಂದೆ ಮೂರು ಸಲಹೆಗಳನ್ನು ಇಡಬಯಸುತ್ತೇನೆ. ಒಂದು, ರಜೆಯಲ್ಲಿ ವಿದ್ಯಾರ್ಥಿಗಳು ತಮ್ಮ ಮೊಹಲ್ಲಾದ ಮನೆಗಳಿಗೆ ಹೋಗಿ ಕೆಲವೇ ಪ್ರಶ್ನೆ ಕೇಳಲಿ: ಒಲೆ ಯಾವುದು, ಹೊಗೆ ಹೋಗಲು ದಾರಿ ಇದೆಯೇ, ಗೀಸರ್ ಎಲ್ಲಿದೆ, ಮನೆಯಲ್ಲಿ ಉಬ್ಬಸದವರು ಇದ್ದಾರೆಯೇ, ಬೀಡಿ ಕಟ್ಟುವವರು ಎಲ್ಲಿ ಕೂರುತ್ತಾರೆ. ಎರಡು, ಬಡವರಿಗೆ ಮನೆ ಕಟ್ಟಿಕೊಡುವ ದಾನಿಗಳು ಹೊಗೆಗೂಡು ಮತ್ತು ಎದುರುಬದುರು ಕಿಟಕಿಗಳಿಲ್ಲದ ನಕ್ಷೆಯನ್ನು ಒಪ್ಪದಿರಲಿ. ಮೂರು, ಹೊಗೆ ತುಂಬಿದ ಅಡುಗೆಮನೆಗಳಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿಕೊಡುವುದನ್ನೂ ನಾವು ಸದಕಾ ಎಂದು ಎಣಿಸೋಣ. ಒಂದು ಫ್ಯಾನಿನ ಬೆಲೆ ನಾವು ಮದುವೆ ಮನೆಯಲ್ಲಿ ವ್ಯರ್ಥ ಮಾಡುವ ಊಟದ ಬೆಲೆಗಿಂತ ಎಷ್ಟೋ ಕಡಿಮೆ.

ನಾನು ಹೇಳಿದ್ದರಲ್ಲಿ ಹೆಚ್ಚಿನವಕ್ಕೆ ಹಣ ಬೇಕಾಗಿಲ್ಲ. ಹೊಗೆಯನ್ನು ಹುಟ್ಟಿಸದಿರುವುದು, ಹುಟ್ಟಿದ ಹೊಗೆಗೆ ದಾರಿ ಮಾಡುವುದು, ಹೊಸ ಗಾಳಿಯನ್ನು ಒಳಗೆ ಬಿಡುವುದು, ಇಷ್ಟೇ ವಿಷಯ. ಮಕ್ಕಳನ್ನು ಅಲ್ಲಾಹನು ನಮ್ಮ ಕೈಗೆ ಅಮಾನತ್ತಾಗಿ ಕೊಟ್ಟಿದ್ದಾನೆ ಎನ್ನುತ್ತೇವೆ. ಅವರು ಉಸಿರಾಡುವ ಗಾಳಿಯೂ ಆ ಅಮಾನತ್ತಿನ ಭಾಗವೇ. ಇಂದು ಮನೆಗೆ ಹೋದ ಕೂಡಲೇ ಗಂಡಸರು ಒಮ್ಮೆ ಅಡುಗೆಮನೆಗೆ ಹೋಗಿ, ಒಲೆ ಉರಿಯುತ್ತಿರುವಾಗ ಹತ್ತು ನಿಮಿಷ ಅಲ್ಲೇ ನಿಂತು ನೋಡಿ. ಏನು ಮಾಡಬೇಕೆಂಬುದು ಭಾಷಣಕ್ಕಿಂತ ಚೆನ್ನಾಗಿ ನಿಮಗೇ ತಿಳಿಯುತ್ತದೆ.

ನಮ್ಮೆಲ್ಲರ ಮನೆಗಳನ್ನೂ ಆರೋಗ್ಯದ ಮನೆಗಳನ್ನಾಗಿ ಮಾಡಲು ಅಲ್ಲಾಹನು ತೌಫೀಕ್ ನೀಡಲಿ. ಆಮೀನ್.